ಮೇಡಂ ದನಿಗೆ ಬಿದ್ದ ಕತ್ತರಿ

ದೊಡ್ಡಬಳ್ಳಾಪುರದ ನನ್ನ ಮೊದಲ ಬೆಳಿಗ್ಗೆ, ಗೋಡೆಯ ಗೂಡಿನಲ್ಲಿಟ್ಟಿದ್ದ ಹಲ್ಲುಜ್ಜುವ ಬ್ರಷ್ಷು ತಾನಾಗಿ ನಡೆದುಕೊಂಡು ಬಂದು ನನ್ನ ಹೊಟ್ಟೆಯ ಮೇಲೆ ಬಿತ್ತು. ಅದರ ಹಿಂದೆ ಪೇಸ್ಟು ಹೊರಟಿತ್ತು. ನೀರಿನ ಲೋಟ ಗೂಡಿನ ಅಂಚಿಗೆ ಬಂದು, ಹಾರಲೋ ಬೇಡವೋ ಎಂದು ಯೋಚಿಸುತ್ತ ನಡುಗುತ್ತಿತ್ತು. ಭೂಕಂಪವೆಂದು ತಿಳಿದು ನಾನು ಲುಂಗಿ ಹಿಡಿದುಕೊಂಡು ಹೊರಗೆ ಓಡಿದರೆ, ಮನೆಯ ಯಜಮಾನಿ ರತ್ನಮ್ಮ ಅಂಗಳದಲ್ಲಿ ಆರಾಮವಾಗಿ ರಂಗೋಲಿ ಬಿಡುತ್ತಿದ್ದರು. ನನ್ನ ಬಾಯಿ ಆಡುವುದು ಅವರಿಗೆ ಕಂಡಿತು, ಮಾತು ಕೇಳಲಿಲ್ಲ. ಎದ್ದು ಹತ್ತಿರ ಬಂದು ನನ್ನ ಕಿವಿಯೊಳಗೇ ಕೂಗಿದರು.

"ಮಗ್ಗ ಕಣಪ್ಪಾ, ಮಗ್ಗ! ಎರಡ್ ದಿನ ಅಷ್ಟೇ, ಅಭ್ಯಾಸ ಆಗೋಯ್ತದೆ!"

ಹಿಂದಿನ ದಿನ ನಾನು ಕೋಣೆ ನೋಡಲು ಬಂದಾಗ ಊರಿನಲ್ಲಿ ಕರೆಂಟಿರಲಿಲ್ಲ. ಎಂಥ ಶಾಂತವಾದ ಬೀದಿ, ಇಲ್ಲಿ ಕುಳಿತು ಹಾಯಾಗಿ ಡಿಸೈನು ಬಿಡಿಸಬಹುದು ಎಂದು ಹಿಗ್ಗಿದ್ದೆ. ರತ್ನಮ್ಮ "ಸದ್ದು ತಡ್ಕೊಳ್ತೀಯಾ?" ಎಂದು ಕೇಳಿದ್ದರು. "ನಾನೇ ದೊಡ್ಡ ಸದ್ದು ಅಮ್ಮಾ, ನೀವು ತಡ್ಕೋಬೇಕು" ಎಂದು ಹಲ್ಲು ಕಿರಿದಿದ್ದೆ. ನನ್ನ ಹಾಸಿಗೆಗೂ ಅವರ ನಾಲ್ಕು ಪವರ್‌ಲೂಮಿಗೂ ನಡುವೆ ಇದ್ದದ್ದು ಒಂದೇ ಇಟ್ಟಿಗೆಯ ಗೋಡೆ. ನಿಮಗೆಲ್ಲ ಒಂದು ಬುದ್ಧಿವಾದ: ಈ ಊರಿನಲ್ಲಿ ಕರೆಂಟಿಲ್ಲದ ದಿನ ಬಾಡಿಗೆ ಕೋಣೆ ನೋಡಬೇಡಿ.

ಬಾಗಲಕೋಟೆ ಕಡೆಯ ನಮ್ಮೂರಿನವರಿಗೆ ಈ ಕಥೆಯಲ್ಲಿ ನಗಲು ಇನ್ನೂ ಇದೆ. ನಾನು ಊರು ಬಿಟ್ಟದ್ದೇ ಮಗ್ಗದ ಸದ್ದು ಸಾಕಾಗಿ. ನಮ್ಮದು ಖಣ ನೇಯುವ ಮನೆ, ಅಂದರೆ ರವಿಕೆ ಬಟ್ಟೆ ನೇಯುವವರು. ಅಪ್ಪನದು ಒಂದು ಕೈಮಗ್ಗ, ನನ್ನದು ಒಂದು. ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತ ಬೆಳೆದವನು, ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ಫ್ಯಾಷನ್ ಡಿಸೈನ್ ಡಿಪ್ಲೊಮಾ ಮುಗಿಸಿ, ಕಾಲು ಮೇಲೆತ್ತಿಕೊಂಡು ಓಡಿಬಂದೆ. ನಾನು ಬೆಂಗಳೂರಿನಲ್ಲಿ ಡಿಸೈನರ್ ಆಗಿದ್ದೇನೆ ಎಂಬ ಸುದ್ದಿಯನ್ನು ನೀವು ಯಾರಿಂದಲಾದರೂ ಕೇಳಿದ್ದರೆ, ಅದನ್ನು ಹಬ್ಬಿಸಿದವನು ನಾನೇ. ಕ್ಷಮಿಸಿ. ಬೆಂಗಳೂರೂ ಅಲ್ಲ, ಡಿಸೈನರೂ ಅಲ್ಲ.

ಬೆಂಗಳೂರಿನಲ್ಲಿ ಪ್ರಯತ್ನಪಟ್ಟದ್ದು ನಿಜ. ಗೆಳೆಯನೊಬ್ಬನ ಪಿಜಿಯಲ್ಲಿ ನೆಲದ ಮೇಲೆ ಮಲಗಿ, ಬೆಳಿಗ್ಗೆ ಎದ್ದು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನನ್ನ ಚಿತ್ರಗಳ ಫೈಲನ್ನು ಎದೆಗೆ ಅವಚಿಕೊಂಡು ಸ್ಟುಡಿಯೋದಿಂದ ಸ್ಟುಡಿಯೋಗೆ ಅಲೆದೆ. ಈ ಫೈಲಿಗೆ ಅಲ್ಲಿ ಪೋರ್ಟ್‌ಫೋಲಿಯೋ ಎನ್ನುತ್ತಾರೆ. ನಮ್ಮೂರಿನಲ್ಲಿ ಹುಡುಗಿ ನೋಡಲು ಹೋಗುವವರು ಜಾತಕ ಹಿಡಿದುಕೊಂಡು ಹೋಗುವ ಹಾಗೆ ಇದನ್ನು ಹಿಡಿದುಕೊಂಡು ಹೋಗಬೇಕು. ಅವರೂ ಹಾಗೆಯೇ ಎರಡು ಹಾಳೆ ತಿರುವಿ, ಕಾಫಿ ಕೊಡದೆ ಕಳಿಸುತ್ತಾರೆ. ಒಬ್ಬರು ಆರು ತಿಂಗಳು ಸಂಬಳವಿಲ್ಲದೆ ಇಂಟರ್ನ್ ಆಗಿ ಬಾ, ಲ್ಯಾಪ್‌ಟಾಪ್ ನೀನೇ ತಾ ಎಂದರು. ಇನ್ನೊಬ್ಬರು ನನ್ನ ಚಿತ್ರ ನೋಡುವ ಮೊದಲು ಇನ್‌ಸ್ಟಾಗ್ರಾಂನಲ್ಲಿ ನನ್ನನ್ನು ಎಷ್ಟು ಜನ ನೋಡುತ್ತಾರೆಂದು ಕೇಳಿದರು. ಅಮ್ಮ ನೋಡುತ್ತಾಳೆ ಎಂದೆ. ಅದೂ ಸುಳ್ಳು, ಅವಳ ಫೋನಿನಲ್ಲಿ ಅದು ಇಲ್ಲ.

ಮೂರನೆಯ ಸ್ಟುಡಿಯೋವನ್ನು ಮರೆಯಲಾರೆ. ಬಿಳಿ ಗೋಡೆ, ಬಿಳಿ ಕುರ್ಚಿ, ಬಿಳಿ ನಾಯಿ. ಅಲ್ಲಿನ ಹುಡುಗಿ ಒಂದು ಖಣದ ತುಂಡನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಮೂಗಿನಲ್ಲಿ ಮಾತಾಡುತ್ತ, "ದಿಸ್ ಈಸ್ ಖನ್. ಇದು ಒಂದು ಡೈಯಿಂಗ್ ಆರ್ಟ್. ನಾವು ಇದನ್ನ ರಿವೈವ್ ಮಾಡ್ತಿದೀವಿ. ಇದನ್ನ ಹೇಗೆ ವೀವ್ ಮಾಡ್ತಾರೆ ಗೊತ್ತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತಾನೇ ಪೂರ್ತಿ ತಪ್ಪಾಗಿ ವಿವರಿಸಿದಳು. ಆ ತುಂಡು ನಮ್ಮ ಓಣಿಯದೇ ಇರಬಹುದು. ನಾನು ತಲೆಯಾಡಿಸುತ್ತ ಕೇಳಿದೆ. ಕೆಲಸ ಬೇಕಿದ್ದವನು ತನ್ನ ಮನೆಯ ಬಗ್ಗೆ ಪಾಠ ಹೇಳಿಸಿಕೊಳ್ಳುವುದನ್ನೂ ಕಲಿಯುತ್ತಾನೆ. ಅವಳು ಮತ್ತೆ ಫೋನ್ ಮಾಡುತ್ತೇನೆಂದಳು. ಮಾಡಲಿಲ್ಲ. ಆದರೆ ಅವಳ ಮೂಗಿನ ದನಿ ನನ್ನ ಗಂಟಲಿನಲ್ಲಿ ಉಳಿಯಿತು. ನನಗೆ ಹುಟ್ಟಿನಿಂದ ಬಂದ ಚಟ ಅದು. ಯಾರ ಜೊತೆ ಹತ್ತು ನಿಮಿಷ ಕೂತರೂ ಅವರ ದನಿ ನನ್ನೊಳಗೆ ಬಂದು ಚಾಪೆ ಹಾಸಿಕೊಳ್ಳುತ್ತದೆ.

ಆ ದನಿಯೇ ನನಗೆ ದೊಡ್ಡಬಳ್ಳಾಪುರದ ಗೇಟು ತೆರೆಸಿತು. ಊರಾಚೆಯ ಗಾರ್ಮೆಂಟ್ಸ್ ಕಾರ್ಖಾನೆಗಳ ಸಾಲಿನಲ್ಲಿ ನಾನು ಗೇಟಿನಿಂದ ಗೇಟಿಗೆ ನಡೆಯುತ್ತಿದ್ದೆ. ಎಲ್ಲ ಗೇಟಿನ ಬೋರ್ಡುಗಳಲ್ಲೂ ಟೈಲರ್ ಬೇಕಾಗಿದ್ದಾರೆ, ಹೆಲ್ಪರ್ ಬೇಕಾಗಿದ್ದಾರೆ; ಡಿಸೈನರ್ ಯಾರಿಗೂ ಬೇಕಾಗಿಲ್ಲ. ಒಂದು ಗೇಟಿನ ಸೆಕ್ಯುರಿಟಿ ಮುನಿರಾಜಣ್ಣ ನನ್ನ ಫೈಲನ್ನು ಮುಟ್ಟಿಯೂ ನೋಡದೆ ಹೇಳಿದರು:

"ಡಿಸೈನರ್ರಾ? ಇಲ್ಲಿ ಡಿಸೈನೆಲ್ಲ ಫಾರಿನ್ನಿಂದ ಮೇಲ್‌ನಲ್ಲಿ ಬತ್ತದೆ ಗುರು. ನಮ್ಮ ರಾಜಘಟ್ಟದಲ್ಲಿ ನೆಲ ಅಗೆದು ಹಳೇ ಕಾಲದ್ದು ಏನೇನೋ ತೆಗೆದವ್ರೆ. ಇಲ್ಲಿ ಅಗೆದ್ರೂ ಡಿಸೈನರ್ ಕೆಲ್ಸ ಸಿಗಕ್ಕಿಲ್ಲ."

ನಾನು ಅಲ್ಲೇ ನಿಂತು ಮೂಗಿನ ಹುಡುಗಿಯನ್ನು ಮಾಡಿ ತೋರಿಸಿದೆ. ನಾಯಿ ಸಮೇತ. ಮುನಿರಾಜಣ್ಣ ಲಾಠಿ ಬಿಟ್ಟು ನಕ್ಕರು. ಮಾರನೆಯ ದಿನ ಹೋದೆ, "ಅದೇ ಇನ್ನೊಂದ್ ಕಿತ ಮಾಡು" ಎಂದರು. ಅದರ ಮಾರನೆಯ ದಿನ ಟೀ ಕುಡಿಸಿ, ಸ್ಯಾಂಪ್ಲಿಂಗ್ ವಿಭಾಗದ ಮುಖ್ಯಸ್ಥೆ ಶ್ವೇತಾ ಮೇಡಂಗೆ ಫೋನ್ ಹಚ್ಚಿ, "ಮೇಡಂ, ಒಬ್ಬ ಹುಡುಗ ಅವ್ನೆ, ಡಿಪ್ಲೊಮಾ ಮಾಡವ್ನೆ, ಮೂರು ದಿನದಿಂದ ಗೇಟ್ ಬಿಟ್ಟು ಹೋಯ್ತಾ ಇಲ್ಲ" ಎಂದರು.

ಶ್ವೇತಾ ಮೇಡಂ ಫೈಲು ತೆರೆಯಲಿಲ್ಲ. ಮೇಜಿನ ಮೇಲಿದ್ದ ಒಂದು ಗಜ ಬಟ್ಟೆಯನ್ನು ನನ್ನತ್ತ ತಳ್ಳಿ, "ಇದರ ಬಗ್ಗೆ ಏನಾದ್ರೂ ಹೇಳು" ಎಂದರು. ನಾನು ಮನೆಯಲ್ಲಿ ಮಾಡುವ ಹಾಗೆ ಮೊದಲು ಬಟ್ಟೆಯನ್ನು ತಿರುಗಿಸಿ ಹಾಕಿ, ಅಂಗೈ ಸವರಿದೆ. ಅರ್ಧಕ್ಕೆ ಬಂದಾಗ ಕೈಗೆ ಏನೋ ತಾಗಿತು. "ಇಲ್ಲಿಂದ ಮುಂದೆ ಅಡ್ಡನೂಲು ಬೇರೆ ಇದೆ ಮೇಡಂ. ಬಣ್ಣ ಒಂದೇ, ನೂಲು ಬೇರೆ" ಎಂದೆ. ಅವರು ಕಿಟಕಿಯ ಬಳಿ ಹೋಗಿ ಬೆಳಕಿಗೆ ಹಿಡಿದು ನೋಡಿದರು. "ಗುಡ್. ಮೂರು ತಿಂಗಳು ಟ್ರೇನಿ. ಕೆಲಸ ಇಷ್ಟ ಆದ್ರೆ ಪರ್ಮನೆಂಟ್ ಮಾಡ್ತೀನಿ, ಇಲ್ಲಾಂದ್ರೆ ಇಲ್ಲ. ಆಯ್ತಾ?"

ಅವರ ಪ್ರತಿ ಮಾತೂ 'ಆಯ್ತಾ?' ಎಂದು ಮುಗಿಯುತ್ತದೆ. ಅದು ಪ್ರಶ್ನೆಯಲ್ಲ. ಮೊಳೆಯ ಮೇಲಿನ ಕೊನೆಯ ಸುತ್ತಿಗೆ ಏಟು. ಅದನ್ನು ನಾನು ಮೆಟ್ಟಿಲಿಳಿಯುವಷ್ಟರಲ್ಲಿ ಕಲಿತಿದ್ದೆ.

ಸ್ಯಾಂಪ್ಲಿಂಗ್ ಎಂದರೆ ಏನೆಂದು ಅಮ್ಮ ಎರಡು ಸಲ ಕೇಳಿದ್ದಾಳೆ, ಇಲ್ಲೇ ಹೇಳಿಬಿಡುತ್ತೇನೆ. ಹೊರದೇಶದ ಅಂಗಡಿಯವರನ್ನು ಇಲ್ಲಿ ಬೈಯರ್ ಎನ್ನುತ್ತಾರೆ. ಅವರು ಚಿತ್ರ, ಅಳತೆ, ಬಟ್ಟೆ ಕಳಿಸುತ್ತಾರೆ. ಅದರಂತೆ ಮೊದಲು ನಾಲ್ಕಾರು ಉಡುಪು ಹೊಲಿದು ತೋರಿಸಬೇಕು. ಅವರು ಒಪ್ಪಿದರೆ ಕೆಳಗಿನ ಅಂತಸ್ತಿನಲ್ಲಿ ಸಾವಿರಗಟ್ಟಲೆ ಹೊಲಿಗೆ. ಮದುವೆಗೆ ಮುಂಚೆ ಅಡುಗೆಯವನ ಕೈಯಲ್ಲಿ ಒಂದು ಲಾಡು ಮಾಡಿಸಿ ತಿಂದು ನೋಡುವುದಿಲ್ಲವೇ, ಹಾಗೆ. ನನ್ನ ಕೆಲಸ ಗುಂಡಿ ಎಣಿಸುವುದು, ಬಟ್ಟೆಗೆ ಚೀಟಿ ಅಂಟಿಸುವುದು, ಬೈಯರ್ ಬರೆದ ಇಂಗ್ಲಿಷನ್ನು ಶಿವಣ್ಣ ಮಾಸ್ಟರಿಗೆ ಕನ್ನಡದಲ್ಲಿ ಹೇಳುವುದು.

ಶಿವಣ್ಣ ಮಾಸ್ಟರು ಬಟ್ಟೆ ಕತ್ತರಿಸುವವರು. ಐವತ್ತು ದಾಟಿದ ಮನುಷ್ಯ. ವಾರವೆಲ್ಲ ಇಲ್ಲಿ ತಂಗಿಯ ಮನೆಯಲ್ಲಿದ್ದು ಭಾನುವಾರ ಸಮೇತನಹಳ್ಳಿಯ ಹೊಲಕ್ಕೆ ಹೋಗಿ, ಸೋಮವಾರ ಚೀಲದ ತುಂಬ ಸೊಪ್ಪು ತಂದು ಎಲ್ಲರಿಗೂ ಹಂಚುತ್ತಾರೆ. ಕತ್ತರಿಯನ್ನು ಬೇರೆಯವರಿಗೆ ಮುಟ್ಟಲು ಬಿಡುವುದಿಲ್ಲ. ಮಾತು ಕಡಿಮೆ. ನನ್ನನ್ನು ಮೊದಲ ದಿನದಿಂದ 'ಹುಬ್ಳಿ' ಎಂದೇ ಕರೆದರು. ನಮ್ಮೂರಿಗೂ ಹುಬ್ಬಳ್ಳಿಗೂ ಎಷ್ಟು ದೂರವೆಂದು ಮೂರು ಸಲ ವಿವರಿಸಿದೆ. "ಹೌದಾ? ಸರಿ ಬಿಡು ಹುಬ್ಳಿ" ಎಂದರು.

ಇಲ್ಲಿ ಎಲ್ಲರೂ ಎಲ್ಲರಿಗೂ ಗುರು. ನಮ್ಮಲ್ಲಿ ಗುರು ಎಂದರೆ ಮಠದಲ್ಲಿ ಕೂತವರು, ಇಲ್ಲಿ ಆಟೋದಲ್ಲಿ ಕೂತವರು. ಉಳ್ಳಾಗಡ್ಡಿ ಕೇಳಿದರೆ ಅಂಗಡಿಯವನು ನನ್ನ ಮುಖ ನೋಡುತ್ತಾನೆ, ಈರುಳ್ಳಿ ಎನ್ನಬೇಕು. ನಾಷ್ಟಾ ಆಯಿತೇ ಎಂದು ಯಾರೂ ಕೇಳುವುದಿಲ್ಲ, ತಿಂಡಿ ಆಯಿತೇ ಎನ್ನುತ್ತಾರೆ. ರತ್ನಮ್ಮ ನೇಕಾರರ ಮೇಲೆ ರೇಗಿದಾಗ ಕನ್ನಡದಲ್ಲಿ ಶುರುಮಾಡಿ, ಸಿಟ್ಟು ಏರಿದಂತೆ ತೆಲುಗಿಗೆ ದಾಟುತ್ತಾರೆ. ನನಗೆ ತೆಲುಗು ಬಂದದ್ದೆಲ್ಲ ಬೈಗುಳದ ಕಡೆಯಿಂದಲೇ. ಊಟದ ವಿಷಯ ಹೇಳಿದರೆ ನೀವು ನನ್ನನ್ನು ಊರಿಗೆ ಸೇರಿಸಲಿಕ್ಕಿಲ್ಲ. ಮುದ್ದೆಯನ್ನು ಮೊದಲ ದಿನ ರೊಟ್ಟಿಯಂತೆ ಅಗಿದೆ. ರತ್ನಮ್ಮನ ಗಂಡ ಊಟ ನಿಲ್ಲಿಸಿ ನೋಡಿದರು. "ಅಗೀಬೇಡ ಕಣಪ್ಪಾ, ನುಂಗು. ಅದು ಅಲ್ಲೇ ಹೋಗಿ ಕೂತ್ಕೊಳ್ತದೆ." ಈಗ ಬಸ್ಸಾರಿನ ಜೊತೆ ಎರಡು ಮುದ್ದೆ ನುಂಗುತ್ತೇನೆ. ಆದರೂ ಭಾನುವಾರ ಮಧ್ಯಾಹ್ನ ಮಗ್ಗ ನಿಂತು ಬೀದಿಯೆಲ್ಲ ಒಮ್ಮೆಲೇ ಮೌನವಾದಾಗ, ಯಾರೋ ಎಲ್ಲೋ ರೊಟ್ಟಿ ಬಡಿದ ಹಾಗೆ ಕೇಳುತ್ತದೆ. ಎದ್ದು ಹೋಗಿ ನೋಡಿದರೆ ಯಾರೋ ಬಟ್ಟೆ ಒಗೆಯುತ್ತಿರುತ್ತಾರೆ. ಆ ಹೊತ್ತು ನನ್ನಿಂದ ಕೋಣೆಯಲ್ಲಿ ಕೂರಲು ಆಗುವುದಿಲ್ಲ. ಬಸ್ ನಿಲ್ದಾಣದವರೆಗೆ ನಡೆದು, ಯಾವ ಬಸ್ಸನ್ನೂ ಹತ್ತದೆ, ವಾಪಸ್ಸು ನಡೆದು ಬರುತ್ತೇನೆ.

ಹೀಗೆ ಎರಡೂವರೆ ತಿಂಗಳು ಕಳೆಯಿತು. ಪರ್ಮನೆಂಟ್ ಆಗುತ್ತೇನೋ ಇಲ್ಲವೋ ಎಂಬುದು ಹಲ್ಲುನೋವಿನ ಹಾಗೆ ಒಳಗೇ ಮಿಡಿಯುತ್ತಿತ್ತು. ಮೇಡಂ ಏನೂ ಹೇಳುತ್ತಿರಲಿಲ್ಲ. ಏನಾದರೂ ಒಂದು ಮಾಡಿ ಅವರ ಕಣ್ಣಿಗೆ ಬೀಳಬೇಕಿತ್ತು. ಬಿದ್ದೆ.

ಒಂದು ಗುರುವಾರ ಬೈಯರ್ ಕಡೆಯಿಂದ ಜಾಕೆಟ್ಟಿನ ಬಟ್ಟೆ ಬಂತು. ಆರು ಜಾಕೆಟ್ಟಿಗೆ ಸರಿಯಾಗಿ ಸಾಲುವಷ್ಟು, ಒಂದು ಗೇಣೂ ಹೆಚ್ಚಿಲ್ಲ. ಒಂದು ಮಗ್ಗುಲಲ್ಲಿ ನೀಲಿಯ ಮೇಲೆ ಬೂದಿ ಬಣ್ಣದ ಎಲೆ, ಇನ್ನೊಂದು ಮಗ್ಗುಲಲ್ಲಿ ಬೂದಿಯ ಮೇಲೆ ನೀಲಿ ಎಲೆ. ಎರಡೂ ಚೆಂದ. ಯಾವುದು ಮುಖ, ಯಾವುದು ಬೆನ್ನು ಎಂದು ತಿಳಿಸುವ ಮಾದರಿ ತುಂಡು ಮೇಡಂ ಬಳಿ ಇತ್ತು. ಮೇಡಂ ಹೆಡ್ಡಾಫೀಸಿಗೆ ಹೋಗಿದ್ದರು, ಅದು ಮಾಸ್ಟರಿಗೆ ಗೊತ್ತಿರಲಿಲ್ಲ. ಮುಖದ ಕಡೆಗೆ ಸೀಮೆಸುಣ್ಣದ ಗುರುತು ಹಾಕಿ ಮಾಸ್ಟರಿಗೆ ಕೊಡುವುದು ನನ್ನ ಕೆಲಸ. ಫೋನ್ ಮಾಡಿ ಕೇಳಬಹುದಿತ್ತು. ನೇಕಾರರ ಮಗ ಬಟ್ಟೆಯ ಮುಖ ಯಾವುದೆಂದು ಫೋನ್ ಮಾಡಿ ಕೇಳುವುದೇ? ಒಮ್ಮೆ ನೋಡಿದೆ, ಬೂದಿಯ ಮೇಲೆ ನೀಲಿ ಎಲೆಯಿದ್ದ ಕಡೆಗೆ ಗುರುತು ಎಳೆದೆ.

ಊಟದ ಹೊತ್ತು. ವಿಭಾಗದಲ್ಲಿ ಬೇಗ ಊಟ ಮುಗಿಸಿದ ಮಾಸ್ಟರು ಮತ್ತು ನಾನು, ಇಬ್ಬರೇ. ಮಾಸ್ಟರು ಬಟ್ಟೆ ಹಾಸಿಕೊಂಡು, ಬೆನ್ನು ಮಾಡಿ ನಿಂತೇ ಕೇಳಿದರು.

"ಮೇಡಂಗೆ ತೋರಿಸಿದ್ಯಾ ಹುಬ್ಳಿ? ಅವ್ರು ಹೇಳ್ದೆ ನಾನು ಕತ್ರಿ ಹಾಕಲ್ಲ."

ನೂಲಿನ ಉಂಡೆಗಳ ಕಪಾಟಿನ ಆಚೆಗೆ ಸರಿದು ನಿಂತೆ. ಮೇಡಂ ಯಾವಾಗಲೂ ಅಲ್ಲಿಂದಲೇ ಕೂಗುವುದು. ಗಂಟಲು ತಾನಾಗಿ ಸಿದ್ಧವಾಯಿತು.

"ಮಾಸ್ಟರ್, ಕಟ್ ಮಾಡ್ಬಿಡಿ. ಸುಮ್ನೆ ಲೇಟ್ ಮಾಡ್ಬೇಡಿ, ಆಯ್ತಾ?"

ಅವರು ತಿರುಗಿ ನೋಡಿ ನಗುತ್ತಾರೆ, 'ಎಲಾ ಕಳ್ಳ' ಎನ್ನುತ್ತಾರೆ ಎಂದು ಕಾಯುತ್ತಿದ್ದೆ. ಆ ಮನುಷ್ಯ ತಿರುಗಲಿಲ್ಲ. "ಆಯ್ತು ಮೇಡಂ" ಎಂದು ಕತ್ತರಿ ಎತ್ತಿಕೊಂಡರು.

ನನಗೆ ಜೀವನದಲ್ಲಿ ಸಿಕ್ಕ ಅತಿ ದೊಡ್ಡ ಚಪ್ಪಾಳೆ ಆ 'ಆಯ್ತು ಮೇಡಂ'. ಅದರ ಅಮಲಿನಲ್ಲಿ ಒಂದು ಕ್ಷಣ ನಿಂತೆ. ಕತ್ತರಿ ಬಟ್ಟೆಯೊಳಗೆ ಹೋಗುವ ಸದ್ದು ಕೇಳಿತು. ಆಗಲೂ ಕೂಗಿ ನಿಲ್ಲಿಸಬಹುದಿತ್ತು. ಗುರುತು ಸರಿಯಾಗಿಯೇ ಇದೆಯಲ್ಲ, ಹೇಗೂ ಕತ್ತರಿಸಲೇಬೇಕಲ್ಲ, ಮೇಡಂ ಬರುವಷ್ಟರಲ್ಲಿ ಕೆಲಸ ಮುಂದೆ ಹೋಗಿದ್ದರೆ ಒಳ್ಳೆಯದೇ ಅಲ್ಲವೇ ಎಂದುಕೊಂಡೆ. ಕ್ಯಾಂಟೀನಿಗೆ ಹೋಗಿ ಚಿತ್ರಾನ್ನ ತಿಂದೆ.

ಸೋಮವಾರ ಮೇಡಂ ಆರೂ ಜಾಕೆಟ್ಟುಗಳನ್ನು ಮೇಜಿನ ಮೇಲೆ ಸಾಲಾಗಿ ಹಾಸಿ, ಫೈಲಿನಿಂದ ಮಾದರಿ ತುಂಡು ತೆಗೆದು ಪಕ್ಕಕ್ಕಿಟ್ಟರು. ತುಂಡಿನಲ್ಲಿ ನೀಲಿಯ ಮೇಲೆ ಬೂದಿ ಎಲೆ. ಆರು ಜಾಕೆಟ್ಟುಗಳೂ ಬೆನ್ನು ಹೊರಗೆ ಮಾಡಿಕೊಂಡು ಮಲಗಿದ್ದವು. ಬಿಚ್ಚಿ ಹೊಲಿಯೋಣವೆಂದರೆ ಸೂಜಿಯ ತೂತು ಮುಚ್ಚದ ಬಟ್ಟೆ.

"ಯಾರು ಕಟ್ ಮಾಡೋಕೆ ಹೇಳಿದ್ದು?"

"ನೀವೇ ಹೇಳಿದ್ರಲ್ಲ ಮೇಡಂ," ಎಂದರು ಮಾಸ್ಟರು. "ಗುರುವಾರ, ಊಟದ ಟೈಮಲ್ಲಿ. ಆ ಕಪಾಟಿನ ಹತ್ರದಿಂದ."

"ಮಾಸ್ಟರ್, ಗುರುವಾರ ನಾನು ಇಲ್ಲಿರ್ಲೇ ಇಲ್ಲ."

ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು. ಮಾಸ್ಟರು ಕಪಾಟಿನ ಕಡೆ ನೋಡಿದರು, ತಮ್ಮ ಕೈ ನೋಡಿಕೊಂಡರು. "ಕೇಳಿಸ್ತಲ್ಲ ಮೇಡಂ ನಂಗೆ" ಎಂದರು, ಸಣ್ಣ ದನಿಯಲ್ಲಿ. ನನ್ನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಮುಖದ ಗುರುತು ನನ್ನದೇ ಎಂಬುದೂ ಆ ಗದ್ದಲದಲ್ಲಿ ಕೆಳಗೆ ಹೋಗಿಬಿಟ್ಟಿತ್ತು. ಕತ್ತರಿಸಿದವರು ಮಾಸ್ಟರು, ಹೊಣೆ ಮಾಸ್ಟರದು. ಸಂಜೆ ಕೈತೊಳೆಯುವ ಕಡೆ ಯಾರೋ, "ವಯಸ್ಸಾಯ್ತು ಬಿಡ್ರೋ, ಮನೇಗ್ ಕಳಿಸ್ತಾರೆ" ಎಂದದ್ದು ಕೇಳಿಸಿತು. ಮಾಸ್ಟರಿಗೂ ಕೇಳಿಸಿರಬೇಕು. ವ್ಯಾನಿಗೆ ಕಾಯುವಾಗ ಅವರು ನನ್ನ ಪಕ್ಕದಲ್ಲೇ ನಿಂತು, ಕಿವಿಯೊಳಗೆ ಬೆರಳು ಹಾಕಿ ತಿರುಗಿಸುತ್ತ, "ಹುಬ್ಳಿ, ನಾಳಿದ್ದು ರಜ ಕೇಳಿದೀನಿ ಕಣಪ್ಪಾ. ಕಿವಿ ತೋರಿಸ್ಕೊಂಡು ಬತ್ತೀನಿ. ಇಲ್ದಿದ್ದು ಕೇಳಿಸ್ತಾ ಐತೆ" ಎಂದರು.

ಕೋಣೆಗೆ ಹೋಗಿ ಕೂರಲಾಗಲಿಲ್ಲ. ಉಳಿದಿದ್ದ ಬಟ್ಟೆಯ ಚೂರೊಂದು ಜೇಬಿನಲ್ಲಿತ್ತು. ಮಗ್ಗದ ಮನೆಗೆ ಹೋಗಿ ರತ್ನಮ್ಮನ ಮುಂದೆ ಹಿಡಿದೆ. ಬೆರಳಿನಿಂದ ಸನ್ನೆ ಮಾಡಿ ಕೇಳಿದೆ, ಮುಖ ಯಾವುದು? ಅವರು ಚೂರನ್ನು ತಿರುವಿ, ಸ್ವಲ್ಪವೂ ತಡೆಯದೆ ಬೂದಿಯ ಮೇಲಿನ ನೀಲಿ ಎಲೆ ತೋರಿಸಿದರು. ನಾನು ತಲೆ ಅಲ್ಲಾಡಿಸಿದೆ. ಮತ್ತೆ ನೋಡಿದರು. ಆಮೇಲೆ ಬಾಯಿಗೆ ಸೆರಗಿಟ್ಟು ನಕ್ಕರು.

ನಮ್ಮ ಮನೆಯ ಮಗ್ಗದಲ್ಲಿ ಬಟ್ಟೆ ಬೋರಲಾಗಿ ಹುಟ್ಟುತ್ತದೆ. ಒಳ್ಳೆಯ ಮಗ್ಗುಲು ನೆಲಕ್ಕೆ, ಬೆನ್ನು ನೇಕಾರನಿಗೆ. ಉಟ್ಟವರು ಕಾಣುವ ಮುಖವನ್ನು ನಾವು ಕಾಣುವುದು ಮಡಿಸಿ ಕೊಡುವಾಗ ಮಾತ್ರ. ದಿನವಿಡೀ ಕಣ್ಣೆದುರು ಇರುವುದು ಬೆನ್ನೇ. ರತ್ನಮ್ಮನ ಮಗ್ಗದ ಮೇಲೂ ಅರ್ಧ ನೇಯ್ದ ಸೀರೆ ಹಾಗೆಯೇ ಬೋರಲು ಮಲಗಿತ್ತು. ಐನೂರು ಕಿಲೋಮೀಟರ್ ಆಚೆ ಈಚೆ ಬೆಳೆದ ಇಬ್ಬರಿಗೂ ನೋಡಿ ನೋಡಿ ಅಭ್ಯಾಸವಾದ ಮಗ್ಗುಲೇ ಸರಿಯೆನಿಸಿತ್ತು. ಕಾಲೇಜಿಗೆ ಹೋಗದ ಯಾವ ಟೈಲರನನ್ನು ಕೇಳಿದ್ದರೂ ಸರಿಯಾಗಿ ಹೇಳುತ್ತಿದ್ದನೋ ಏನೋ. ನೇಕಾರರಿಗೆ ಮಾತ್ರ ತಪ್ಪುವ ಲೆಕ್ಕ ಅದು.

ನಾನು ನಗಲಿಲ್ಲ. ಅದನ್ನು ಕಂಡು ರತ್ನಮ್ಮ ಕೈ ಚಾಚಿ ಸ್ವಿಚ್ ಒತ್ತಿದರು. ನಾಲ್ಕೂ ಮಗ್ಗ ನಿಂತವು. ಆ ಮನೆಯಲ್ಲಿ ಕರೆಂಟಿದ್ದೂ ಮಗ್ಗ ನಿಂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಹೇಳು."

ಹೇಳಿದೆ. ಕಪಾಟು, ದನಿ, ಜಾಕೆಟ್ಟು, ಕಿವಿ.

"ಗುರ್ತು ತಪ್ಪಾಕಿದ್ದು ಬಿಡು, ನಾನೂ ಹಾಕ್ತಿದ್ದೆ," ಎಂದರು. "ಆವಯ್ಯ ಕಿವಿ ತೋರ್ಸಕ್ಕೆ ಹೊಂಟವ್ನಲ್ಲ, ಅದ್ಕೇನ್ ಹೇಳ್ತೀಯಾ?"

"ಹೇಳಿದ್ರೆ ಕೆಲಸ ಹೋಗುತ್ತೆ ಅಮ್ಮಾ. ಇನ್ನು ಹತ್ತು ದಿನ ಇದೆ ಅಷ್ಟೇ."

"ಹೋಗ್ಲಿ ಅಂತ ನಾನ್ ಹೇಳಲ್ಲಪ್ಪಾ. ನಿಂಗೆ ರೂಮ್ ಕೊಟ್ಟಿರೋಳು ನಾನು." ಬಟ್ಟೆಯ ಚೂರನ್ನು ನನ್ನ ಕೈಗಿಟ್ಟರು. "ಡಾಕ್ಟ್ರು ಕಿವಿ ಸರಿಯಾಗೈತೆ ಅಂತಾರೆ. ಆಗ ಆವಯ್ಯ ತಲೆ ತೋರಿಸ್ಕೊಳ್ಳಕ್ಕೆ ಹೋಗ್ತಾನೆ." ಮತ್ತೆ ಸ್ವಿಚ್ ಒತ್ತಿದರು.

ಮರುದಿನ ಬೆಳಿಗ್ಗೆ ಮೇಡಂ ಮೇಜಿನ ಮುಂದೆ ನಿಂತೆ. ಮಾಸ್ಟರೂ ರಜೆಯ ಚೀಟಿ ಹಿಡಿದು ಅಲ್ಲಿಯೇ ಇದ್ದರು. ನನ್ನ ಬಳಿ ಎಷ್ಟು ದನಿಗಳಿದ್ದವು! ಬೆಂಗಳೂರಿನ ನಯವಾದ ದನಿ, ಮುನಿರಾಜಣ್ಣನ ದನಿ, ರೇಡಿಯೋ ದನಿ. ಬಾಯಿ ತೆರೆದರೆ ಅವು ಯಾವುವೂ ಬರಲಿಲ್ಲ. ಅಪ್ಪನ ಮುಂದೆ ನಿಂತ ಹುಡುಗನ ಮಾತು ಬಂತು.

"ಮಾಸ್ಟರ್ ಕಿವಿಗೆ ಏನೂ ಆಗಿಲ್ರೀ ಮೇಡಂ. ಗುರುವಾರ ನಿಮ್ಮ ದನಿ ತಗದಾಂವ ನಾನೇ ರೀ. ಗುರ್ತಾನೂ ನಂದೇ. ಚಾಷ್ಟಿಗೆ ಮಾಡೀನ್ರೀ, ಆಮ್ಯಾಲ ಬಾಯಿ ಬಿಡ್ಲಿಲ್ಲ."

ಮೇಡಂಗೆ ಅರ್ಧ ಅರ್ಥವಾಗಲಿಲ್ಲ. ಚಾಷ್ಟಿ ಎಂದರೆ ತಮಾಷೆ ಎಂದು ಬಿಡಿಸಿ, ಎರಡನೆಯ ಸಲ ಇಲ್ಲಿನ ಮಾತಿನಲ್ಲಿ ಹೇಳಿದೆ.

"ನನ್ನ ವಾಯ್ಸಾ? ಮಾಡು."

"ಬೇಡ ಮೇಡಂ."

"ಮಾಡು ಅಂದೆ."

ಮಾಡಿದೆ. ಆ ಹಾಳು ಗಂಟಲು ಒಂದು ಎಳೆಯೂ ತಪ್ಪಲಿಲ್ಲ. 'ಆಯ್ತಾ?' ಎಂದು ಮುಗಿಸಿದಾಗ ಹಿಂದೆ ಎಲ್ಲೋ ಒಬ್ಬಳು ಕಿಸಕ್ಕೆಂದು ತಕ್ಷಣ ಕೆಮ್ಮಿದಳು. ಮೇಡಂ ಮುಖ ಕೆಂಪಾಯಿತು. ಆರು ಜಾಕೆಟ್ಟು ಹಾಳಾದಾಗಲೂ ಅವರ ಮುಖ ಹಾಗಾಗಿರಲಿಲ್ಲ.

"ನಾನು ಹೀಗಾ ಮಾತಾಡೋದು?" ಎಂದು ಮಾಸ್ಟರನ್ನು ಕೇಳಿದರು.

ಮಾಸ್ಟರು ರಜೆಯ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ನನ್ನತ್ತ ನೋಡಲಿಲ್ಲ. "ಆಚೆಗ್ ಹೋಗಪ್ಪಾ" ಎಂದರು. ಹುಬ್ಳಿ ಎನ್ನಲಿಲ್ಲ. ಅದು ತಾಗಿತು.

ಹೊಸ ಬಟ್ಟೆ ಬರುವವರೆಗೆ ಕೆಲಸಕ್ಕೆ ಬರಬೇಡ, ಆಮೇಲೆ ಫೋನ್ ಮಾಡುತ್ತೇವೆ ಎಂದರು ಮೇಡಂ. ಫೋನ್ ಮಾಡುತ್ತೇವೆ ಎನ್ನುವ ಮಾತಿನ ಬೆಲೆ ನನಗೆ ಗೊತ್ತಿತ್ತು. ಫೈಲು ಚೀಲಕ್ಕೆ ತುರುಕಿ ಊರಿನ ಬಸ್ಸು ಹತ್ತಿದೆ. ಮನೆಯಲ್ಲಿ ರಜೆ ಎಂದೆ. ಅಪ್ಪ, ನಾನು ಹೋದಾಗಿನಿಂದ ನನ್ನ ಮಗ್ಗದ ಮೇಲೆ ಹೊದಿಸಿದ್ದ ಹಳೆಯ ದುಪ್ಪಟಿಯನ್ನು ತೆಗೆದು ಮಡಿಸಿಟ್ಟರು, ಅಷ್ಟೇ. ಕೂತೆ. ಒಂದು ವಾರ ನೇಯ್ದೆ. ಕಾಲಿಗೆ ಎಲ್ಲ ನೆನಪಿತ್ತು, ಮನಸ್ಸು ಮಾತ್ರ ಪ್ರತಿ ಅರ್ಧ ಗಂಟೆಗೆ ಎದ್ದು ಫೋನ್ ನೋಡುತ್ತಿತ್ತು. ರಾತ್ರಿ ಮಗ್ಗಗಳು ನಿಂತ ಮೇಲೆ ನಮ್ಮ ಮನೆಯ ಮೌನ, ನಾನು ಅಷ್ಟು ಹಂಬಲಿಸಿದ್ದ ಮೌನ, ಕಿವಿಯಲ್ಲಿ ಗುಂಯ್‌ಗುಟ್ಟುತ್ತಿತ್ತು. ನಿದ್ದೆ ಬರುತ್ತಿರಲಿಲ್ಲ.

ಎಂಟನೆಯ ದಿನ ಸಂಜೆ ಕಟ್ಟೆಯ ಮೇಲೆ ಗೆಳೆಯರೆಲ್ಲ ಸೇರಿದ್ದಾಗ ಫೋನ್ ಬಂತು. ಅವಸರದಲ್ಲಿ ಸ್ಪೀಕರ್ ಒತ್ತಿಬಿಟ್ಟೆ.

"ಹುಬ್ಳಿ, ನಾನ್ ಕಣಪ್ಪಾ, ಶಿವಣ್ಣ. ಹೊಸಾ ಬಟ್ಟೆ ಬಂದೈತೆ. ಮೇಡಂ ನಿಂಗೆ ಇನ್ನೂ ಮೂರ್ ತಿಂಗ್ಳು ಟ್ರೇನೀನೇ ಅಂತ ಬರೆದವ್ರೆ. ಪರ್ಮನೆಂಟ್ ಇಲ್ಲ. ಬತ್ತೀಯೋ, ಬರಲ್ವೋ?"

"ಬರ್ತೀನಿ ಮಾಸ್ಟರ್."

"ಸೋಮವಾರ ಬಂದ್ಬಿಡು. ಬಾಯಿ ಅಲ್ಲೇ ಬಿಟ್ಬಿಟ್ ಬಾ." ಇಟ್ಟುಬಿಟ್ಟರು.

ಕಟ್ಟೆಯ ಮೇಲಿದ್ದವರು ಹೊಟ್ಟೆ ಹಿಡಿದು ಬಿದ್ದುಬಿದ್ದು ನಕ್ಕರು. "ಬತ್ತೀಯೋ ಬರಲ್ವೋ!" ಎಂದು ಒಬ್ಬ. "ಬಂದೈತೆ ಕಣಪ್ಪಾ!" ಎಂದು ಇನ್ನೊಬ್ಬ. ಎಲ್ಲ ತಪ್ಪು, ಯಾರಿಗೂ ಆ ಎಳೆ ಸಿಗಲಿಲ್ಲ. "ನೀ ಮಾಡಲೇ, ನೀ ಮಾಡಿ ತೋರ್ಸು ಆ ಮುದುಕನ್ನ" ಎಂದು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಎರಡೂ ಕಡೆಯವರನ್ನು ನಗಿಸಿಯೇ ನಾನು ಅನ್ನ ತಿಂದವನು. ಅಲ್ಲಿ ಕ್ಯಾಂಟೀನಿನಲ್ಲಿ ನಮ್ಮೂರಿನ ಗೌಡರನ್ನು, ನಮ್ಮ ಕಾಕಾನನ್ನು, ಅಪ್ಪನನ್ನು ಕೂಡ ಮಾಡಿ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದೇನೆ, ಆಗ ಏನೂ ಅನಿಸಿರಲಿಲ್ಲ. ಬಾಯಿ ತೆರೆದೆ. ಮಾಸ್ಟರ ದನಿ ಗಂಟಲಿಗೆ ಬಂದು ನಿಂತಿತ್ತು. ನುಂಗಿಕೊಂಡೆ, ಮುದ್ದೆಯ ಹಾಗೆ.

"ಅವರು ನನ್ನ ಮಾಸ್ಟರ್ ಅದಾರಲೇ" ಎಂದೆ.

"ಹೋಗಲೇ, ಬೆಂಗ್ಳೂರಾಂವ ಆದಿ ನೀ" ಎಂದು ಗೆಳೆಯನೊಬ್ಬ ಎದ್ದು ಹೋದ.

ಭಾನುವಾರ ಸಂಜೆ ಅಪ್ಪ ಬಸ್ ನಿಲ್ದಾಣಕ್ಕೆ ಬಂದರು.  ನಾನು ಹತ್ತಿ ಕಿಟಕಿಯ ಬಳಿ ಕೂತ ಮೇಲೆ, ಬಸ್ಸು ಗುರ್ ಎನ್ನತೊಡಗಿದ ಮೇಲೆ, ಎಷ್ಟು ದಿನದಿಂದ ಇಟ್ಟುಕೊಂಡಿದ್ದರೋ, ಕಿಟಕಿಯ ಸರಳು ಹಿಡಿದು ಕೇಳಿದರು.

"ನಿನ್ನ ಮಗ್ಗ ಬಿಚ್ಚಿ ಇಡ್ಲೇನು? ಜಾಗಾ ಭಾಳ ಹಿಡದೈತಿ. ಇಲ್ಲಾ, ಹಂಗ ಇರ್ಲೋ?"

ಬಸ್ಸು ಹೊರಟಿತು. ಅಪ್ಪ ನಾಲ್ಕು ಹೆಜ್ಜೆ ಜೊತೆಗೆ ನಡೆದರು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದೆ.

"ಬಿಚ್ಬೇಡಿ! ಹಂಗೇ ಇರ್ಲಿ ಬಿಡಿ, ಬತ್ತೀನಿ!"

ಬಾಯಿಗೆ ಬಂದದ್ದು ಅಲ್ಲಿನ ಮಾತು. ಅಪ್ಪ ನಿಂತುಬಿಟ್ಟರು. ಯಾರದೋ ಮಗ ತಮಗೆ ಉತ್ತರ ಕೊಟ್ಟ ಹಾಗೆ ಕಿಟಕಿಗಳನ್ನು ಒಂದೊಂದಾಗಿ ನೋಡುತ್ತಿದ್ದರು.